ಹೊತ್ತಿಗೆ ಹೊರಡದ ಗೆಳೆಯರು

ಶಿವಮೊಗ್ಗದಲ್ಲಿ ಒಟ್ಟಿಗೆ ಓದಿದ ನಾವು ಆರು ಮಂದಿ ಇಪ್ಪತ್ತು ವರ್ಷಗಳ ನಂತರ ಭೂತಾನ್ ಪ್ರವಾಸ ಮಾಡಿದೆವು. ತೀರ್ಥಹಳ್ಳಿಗೆ ಮರಳಿ ತಿಂಗಳಾದರೂ ಅಲ್ಲಿ ಗೆಳೆಯರಿಂದಾದ ಬೇಸರ ಇನ್ನೂ ನನ್ನನ್ನು ಬಿಟ್ಟಿಲ್ಲ.

ಅಲ್ಲಿಗೆ ಆಧಾರ್ ಸಾಲದು, ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕೆಂದು ನಾನು ಎಷ್ಟು ಸಲ ಹೇಳಿದ್ದರೂ, ಒಬ್ಬನು ತನ್ನ ಚೀಟಿಯನ್ನು ಸಿಲಿಗುರಿಯ ಹೋಟೆಲಿನಲ್ಲೇ ಮರೆತು ಬಂದದ್ದರಿಂದ ಗಡಿಯ ಜೈಗಾಂವ್‌ನಲ್ಲಿ ಒಂದು ದಿನ ವ್ಯರ್ಥವಾಯಿತು. ಅದನ್ನಾದರೂ ಸಹಿಸಿಕೊಂಡೆ.

ಸಹಿಸಲಾಗದೆ ಹೋದದ್ದು ಭೂತಾನಿನ ಪಾರೋ ಊರಿನ ಬೆಳಗು. ಸುಮಾರು 3,120 ಮೀಟರ್ ಎತ್ತರದಲ್ಲಿ, ಕಡಿದಾದ ಬಂಡೆಗೆ ಅಂಟಿಕೊಂಡಂತಿರುವ ತಕ್‌ತ್ಸಾಂಗ್ ಬೌದ್ಧ ಮಠವನ್ನು ಕಾಣಬೇಕೆಂಬುದು ನನ್ನ ಬಹುಕಾಲದ ಆಸೆಯಾಗಿತ್ತು. ಬೆಳಿಗ್ಗೆ ಆರೂವರೆಗೆ ಹೊರಡೋಣವೆಂದು ಹಿಂದಿನ ರಾತ್ರಿ ಎಲ್ಲರೂ ಒಪ್ಪಿದ್ದರು. ನಾನು ಸಿದ್ಧನಾಗಿ ಜಗಲಿಯಲ್ಲಿ ಕುಳಿತೆ. ಅವರು ರಾತ್ರಿಯಿಡೀ ಇಸ್ಪೀಟಾಡಿ ಮಲಗಿದ್ದವರು ಹತ್ತು ಗಂಟೆಗೆ ಎದ್ದು, ತಿಂಡಿ ಮುಗಿಸಿ, ಹನ್ನೊಂದೂವರೆಗೆ ಹತ್ತಲು ತೊಡಗಿ, ಅರ್ಧ ದಾರಿಯ ಚಹಾದಂಗಡಿಯಲ್ಲಿ ಸಾಕೆಂದು ಕುಳಿತುಬಿಟ್ಟರು. ಭಾರತೀಯರು ಒಂದೊಂದು ರಾತ್ರಿಗೂ ತಲಾ 1,200 ರೂಪಾಯಿ ಶುಲ್ಕ ಕಟ್ಟುವ ನಾಡಿನಲ್ಲಿ ಹಗಲನ್ನು ನಿದ್ರೆಯಲ್ಲಿ ಕಳೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯವೇ.

ಇದೇ ಗೆಳೆಯರು ಅಂದು ಕೊಡಚಾದ್ರಿಯ ಸೂರ್ಯೋದಯಕ್ಕಾಗಿ, ಇಂಬಳಗಳನ್ನು ಕಿತ್ತೆಸೆಯುತ್ತ, ಕತ್ತಲಲ್ಲೇ ನನ್ನೊಡನೆ ಹತ್ತಿದವರು. ಮಠಕ್ಕೆ ನಾನೊಬ್ಬನೇ ಹೋಗುತ್ತೇನೆಂದಾಗ, ಗುಂಪನ್ನು ಒಡೆಯಬೇಡವೆಂದು ನನ್ನನ್ನೇ ಆಕ್ಷೇಪಿಸಿದರು. ಎದುರಿನ ಬಂಡೆಯ ಮೇಲೆ ಮಠ ಕಾಣುತ್ತಲೇ ಇತ್ತು. ನಾನು ಅವರೊಡನೆ ಇಳಿದು ಬಂದೆ.