ಹೃದ್ರೋಗದ ಪಾಠ ಮೊದಲು ತಲುಪಬೇಕಾದದ್ದು ತಾಲ್ಲೂಕು ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ

ನೋಂದಾಯಿತ ವೈದ್ಯರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಮುಂದುವರಿಕೆ ಶಿಕ್ಷಣದಲ್ಲಿ ಭಾಗವಹಿಸಬೇಕೆಂದು 2002ರ ವೃತ್ತಿ ನಡತೆ ನಿಯಮಗಳು ಹೇಳುತ್ತವೆ. ನಾವು ದಿನನಿತ್ಯ ಸಿಎಂಇ ಎನ್ನುವುದು ಇದನ್ನೇ. ನಮ್ಮ ರಾಜ್ಯದಲ್ಲಿ ನೋಂದಣಿ ನವೀಕರಣಕ್ಕೆ ವೈದ್ಯಕೀಯ ಪರಿಷತ್ತು ಈ ಕ್ರೆಡಿಟ್ ಅವರ್ಸ್‌ಗಳ ಲೆಕ್ಕ ಕೇಳುತ್ತದೆ, ಕೇಳಬೇಕಾದದ್ದೇ. ಆದರೆ ಹೃದಯ ಮತ್ತು ರಕ್ತನಾಳದ ಕಾಯಿಲೆಗಳ ಮಟ್ಟಿಗೆ ಈ ಗಂಟೆಗಳ ಬಹುಪಾಲು ತಪ್ಪು ಊರಿನಲ್ಲಿ, ತಪ್ಪು ವಿಷಯಗಳ ಮೇಲೆ ಖರ್ಚಾಗುತ್ತಿದೆ ಎಂಬುದು ಜಿಲ್ಲಾ ಕೇಂದ್ರವೊಂದರಲ್ಲಿ ಫಿಸಿಷಿಯನ್ ಆಗಿ ಕೆಲಸ ಮಾಡುವ ನನ್ನ ದೃಢ ಅಭಿಪ್ರಾಯ.

ಭಾನುವಾರದ ಒಂದು ಸಿಎಂಇ ಹೇಗಿರುತ್ತದೆಂದು ವೈದ್ಯರಲ್ಲದವರಿಗೆ ಹೇಳಬೇಕು. ದೊಡ್ಡ ಹೋಟೆಲಿನ ಹಾಲ್, ಬಾಗಿಲಲ್ಲಿ ಸಹಿ ಪುಸ್ತಕ, ಪಕ್ಕದಲ್ಲಿ ಔಷಧ ಕಂಪನಿಗಳ ಸ್ಟಾಲುಗಳು. ವೇದಿಕೆಯ ಮೇಲೆ, ತೊಡೆಯ ರಕ್ತನಾಳದ ಮೂಲಕ ಹೃದಯದ ಕವಾಟ ಕೂರಿಸುವ ಟಾವಿ ವಿಧಾನದ ಬಗ್ಗೆ ಮಹಾನಗರದ ತಜ್ಞರೊಬ್ಬರು ಸೊಗಸಾದ ವಿಡಿಯೊಗಳೊಂದಿಗೆ ಮಾತನಾಡುತ್ತಿರುತ್ತಾರೆ. ವಿದ್ವತ್ತಿನಲ್ಲಿ ಕೊರತೆಯಿಲ್ಲ. ಆದರೆ ಎದುರಿಗೆ ಕುಳಿತವರಲ್ಲಿ ಅನೇಕರು ಪ್ರಾಥಮಿಕ ಆರೋಗ್ಯ ಕೇಂದ್ರದವರು, ಸ್ವಂತ ಕ್ಲಿನಿಕ್ ಇಟ್ಟವರು, ತಾಲ್ಲೂಕು ಆಸ್ಪತ್ರೆಯ ರಾತ್ರಿ ಪಾಳಿಯವರು. ಮರುದಿನ ಬೆಳಿಗ್ಗೆ ಅವರ ಮುಂದೆ ಬಂದು ಕೂರುವ ರೋಗಿಗೂ ಆ ವಿಡಿಯೊಗೂ ಯಾವ ಸಂಬಂಧವೂ ಇರುವುದಿಲ್ಲ.

ಅವರ ಮುಂದೆ ಬರುವವರು ಯಾರು? ರಾತ್ರಿ ಎರಡು ಗಂಟೆಗೆ ಹೊಟ್ಟೆಯ ಮೇಲ್ಭಾಗದಲ್ಲಿ ನೋವು, ವಾಂತಿ, ಮೈಯೆಲ್ಲ ಬೆವರು ಎಂದು ಬರುವ ಐವತ್ತರ ಆಸುಪಾಸಿನ ರೈತ. ಮನೆಯವರು ‘ಗ್ಯಾಸ್ಟ್ರಿಕ್ ಸಾರ್, ಒಂದು ಇಂಜೆಕ್ಷನ್ ಕೊಡಿ’ ಎನ್ನುತ್ತಾರೆ. ಅಲ್ಲಿ ಹೊಟ್ಟೆಯ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಕೊಟ್ಟು ಕಳುಹಿಸುವುದು ಸುಲಭ. ಇಸಿಜಿ ತೆಗೆದು ಎರಡನೆಯ, ಮೂರನೆಯ ಮತ್ತು ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಭಾಗ ಮೇಲೆದ್ದಿರುವುದನ್ನು, ಅಂದರೆ ಹೃದಯಾಘಾತದ ಗುರುತನ್ನು, ಗುರುತಿಸುವುದು ಕಲಿಕೆಯ ಕೆಲಸ. ಹೃದಯದ ಕೆಳಗೋಡೆಯ ಇಂಥ ಆಘಾತದಲ್ಲಿ ಕೆಲವರಿಗೆ ಬಲ ಕುಹರಕ್ಕೂ, ಅಂದರೆ ಹೃದಯದ ಬಲಭಾಗದ ಕೆಳಕೋಣೆಗೂ, ಪೆಟ್ಟಾಗಿರುತ್ತದೆ. ಅವರಿಗೆ ಅಭ್ಯಾಸಬಲದಿಂದ ನಾಲಿಗೆಯಡಿ ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟರೆ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ಇದನ್ನು ತಪ್ಪಿಸಲು ಹೊಸ ಯಂತ್ರ ಬೇಕಿಲ್ಲ: ಎಡ ಎದೆಯ ಮೇಲಿನ ವಿ4 ಎಲೆಕ್ಟ್ರೋಡನ್ನು ತೆಗೆದು ಬಲ ಎದೆಯಲ್ಲಿ ಅದೇ ನೇರದ ಜಾಗಕ್ಕೆ ಇಟ್ಟು ಮತ್ತೊಂದು ಪಟ್ಟಿ ತೆಗೆದರೆ ವಿಷಯ ತಿಳಿಯುತ್ತದೆ. ಒಂದು ನಿಮಿಷದ ಈ ಕೆಲಸವನ್ನು ಕೈಯಾರೆ ಮಾಡಿಸಿ ಕಲಿಸುವ ಸಿಎಂಇಗಳನ್ನು ನಾನು ತೀರಾ ಕಡಿಮೆ ಕಂಡಿದ್ದೇನೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಸಂಶೋಧಕರ ನೇತೃತ್ವದಲ್ಲಿ ದೇಶದ 89 ಆಸ್ಪತ್ರೆಗಳ 20,468 ರೋಗಿಗಳನ್ನು ದಾಖಲಿಸಿ 2008ರಲ್ಲಿ ಪ್ರಕಟವಾದ ಕ್ರಿಯೇಟ್ ಅಧ್ಯಯನವನ್ನು ಇಲ್ಲಿ ನೆನೆಯಲೇಬೇಕು. ರಕ್ತನಾಳ ಪೂರ್ತಿ ಮುಚ್ಚಿ ಆಗುವ ತೀವ್ರ ಹೃದಯಾಘಾತದಲ್ಲಿ ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ಹಿಡಿದ ಮಧ್ಯಂಕ ಸಮಯ 360 ನಿಮಿಷ ಎಂದು ಅದು ತೋರಿಸಿತು. ಅಂದರೆ ಅರ್ಧದಷ್ಟು ಜನರಿಗೆ ಆರು ಗಂಟೆಗಿಂತಲೂ ಹೆಚ್ಚು ತಡ. ದೂರ, ವಾಹನ, ಹಣ, ಭಯ, ಎಲ್ಲವೂ ಈ ವಿಳಂಬದಲ್ಲಿ ಸೇರಿವೆ. ಮೊದಲು ನೋಡಿದ ವೈದ್ಯರು ಗುರುತಿಸದೆ ಹೋದ ಗಂಟೆಗಳೂ ಸೇರಿಕೊಳ್ಳುತ್ತವೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕು.

ಕರ್ನಾಟಕದಲ್ಲಿ ಈಗ ಪರಿಸ್ಥಿತಿ ಮೊದಲಿಗಿಂತ ಉತ್ತಮವಾಗಿದೆ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳನ್ನು ಜಯದೇವದಂತಹ ಕೇಂದ್ರಗಳಿಗೆ ಜೋಡಿಸಿ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ಹಿಂದಿನ ಸ್ಟ್ರೆಪ್ಟೋಕೈನೇಸ್‌ನಂತೆ ಅರ್ಧ ಗಂಟೆಯಿಂದ ಒಂದು ಗಂಟೆ ಡ್ರಿಪ್ ಹಾಕಿ ಕಾಯಬೇಕಿಲ್ಲ. ದೇಹದ ತೂಕ ನೋಡಿ ಒಂದೇ ಬಾರಿಗೆ ಕೊಟ್ಟರಾಯಿತು. ಆದರೂ ಕೈ ಹಿಂಜರಿಯುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಸಾಧ್ಯತೆಯಿದೆ, ಹೊರಗೆ ಬಂಧುಗಳ ಗುಂಪು ನಿಂತಿದೆ, ಡ್ಯೂಟಿ ಡಾಕ್ಟರ್ ಒಬ್ಬರೇ ಇದ್ದಾರೆ. ಆ ಹಿಂಜರಿಕೆಯನ್ನು ನಾನು ಎಂದೂ ಹಗುರವಾಗಿ ನೋಡಲಾರೆ. ಹಿಂದೆ ಮೆದುಳಿನಲ್ಲಿ ರಕ್ತಸ್ರಾವವಾಗಿದೆಯೇ, ಇತ್ತೀಚೆಗೆ ಪಾರ್ಶ್ವವಾಯು ಬಡಿದಿದೆಯೇ, ನೋವು ಬೆನ್ನಿಗೆ ಸೀಳಿದಂತೆ ಹೋಗಿ ಮಹಾಪಧಮನಿ ಬಿರಿದಿರುವ ಅನುಮಾನವಿದೆಯೇ ಎಂಬ ಪ್ರಶ್ನೆಗಳನ್ನು ನಿಜವಾದ ಪ್ರಕರಣಗಳನ್ನಿಟ್ಟುಕೊಂಡು ಮತ್ತೆ ಮತ್ತೆ ಅಭ್ಯಾಸ ಮಾಡಿಸಿದರೆ ಮಾತ್ರ ಯಾರಿಗೆ ಕೊಡಬಾರದು ಎಂಬುದು ಸ್ಪಷ್ಟವಾಗಿ, ಕೊಡಬೇಕಾದವರಿಗೆ ಕೊಡುವ ಧೈರ್ಯ ಬರುತ್ತದೆ. ಔಷಧವನ್ನು ಫ್ರಿಜ್‌ಗೆ ತಲುಪಿಸಿದಷ್ಟೇ ಶ್ರದ್ಧೆಯಿಂದ ಈ ಅಭ್ಯಾಸವನ್ನೂ ತಲುಪಿಸಬೇಕು.

2025ರ ಜುಲೈ ತಿಂಗಳಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ ಜನ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದನ್ನು ನಾವೆಲ್ಲ ನೋಡಿದೆವು. ತಮ್ಮ ಊರಿನ ವೈದ್ಯರ ಇಸಿಜಿಯನ್ನು ನಂಬಬಹುದು ಎಂಬ ಭರವಸೆ ಇದ್ದಿದ್ದರೆ ಆ ಸಾಲು ಅಷ್ಟು ಉದ್ದ ಇರುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಇನ್ನು ಬಿ.ಪಿ. ನೋಡುವ ವಿಚಾರ. ಇದನ್ನು ಕಲಿಸಬೇಕೆ ಎಂದು ಕೇಳುವವರಿದ್ದಾರೆ, ಕಲಿಸಲೇಬೇಕು. ರೋಗಿ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಸುಮ್ಮನೆ ಕುಳಿತಿರಬೇಕು, ತೋಳು ಮೇಜಿನ ಮೇಲೆ ಹೃದಯದ ಮಟ್ಟದಲ್ಲಿರಬೇಕು, ದಪ್ಪ ತೋಳಿಗೆ ದೊಡ್ಡ ಕಫ್ ಬೇಕು. ತೋಳನ್ನು ಪಕ್ಕಕ್ಕೆ ಇಳಿಬಿಟ್ಟರೆ ಮೇಲಿನ ಅಂಕಿ ಸರಾಸರಿ 6ರಿಂದ 7ರಷ್ಟು ಹೆಚ್ಚು ಬರುತ್ತದೆಂದು 2024ರ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ನೂಕುನುಗ್ಗಲಿನ ಓಪಿಡಿಯಲ್ಲಿ ನಿಂತಲ್ಲೇ ನೋಡಿದ ಒಂದು ಅಂಕಿಯಿಂದ ಒಬ್ಬರಿಗೆ ಜೀವಮಾನದ ಮಾತ್ರೆ ಶುರುವಾಗುವುದುಂಟು. ಮತ್ತೊಬ್ಬರಿಗೆ 160 ಇದ್ದರೂ ‘ಸ್ವಲ್ಪ ಜಾಸ್ತಿ ಇದೆ, ಉಪ್ಪು ಕಡಿಮೆ ಮಾಡಿ’ ಎಂದಷ್ಟೇ ಹೇಳಿ ಕಳುಹಿಸುವುದೂ ಉಂಟು.

ಕಲಿತದ್ದನ್ನು ಬಿಡುವುದೂ ಮುಂದುವರಿಕೆ ಶಿಕ್ಷಣವೇ. ಹೃದಯಾಘಾತದ ನಂತರ ಬರುವ ಅನಗತ್ಯ ಬಡಿತಗಳನ್ನು ಅಡಗಿಸಿದರೆ ಸಾವು ಕಡಿಮೆಯಾಗುತ್ತದೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಹಾಗೆ ಅಡಗಿಸುವ ಫ್ಲೆಕನೈಡ್ ಮತ್ತು ಎನ್‌ಕನೈಡ್ ಮಾತ್ರೆಗಳಿಂದಲೇ ಸಾವು ಹೆಚ್ಚುತ್ತದೆಂದು 1989ರಲ್ಲಿ ಕಾಸ್ಟ್ ಪ್ರಯೋಗ ತೋರಿಸಿತು. ಆಸ್ಪಿರಿನ್ ಕಥೆ ಇನ್ನೂ ಹತ್ತಿರದ್ದು. ಹೃದಯಾಘಾತವಾದವರಿಗೆ ಅದು ಪ್ರಾಣರಕ್ಷಕ ಎಂಬುದು 1988ರ ಐಸಿಸ್-2 ಪ್ರಯೋಗದಿಂದ ನಿಶ್ಚಿತವಾಗಿದೆ; ಆದರೆ ಹೃದ್ರೋಗವೇ ಇಲ್ಲದವರಿಗೆ ಮುನ್ನೆಚ್ಚರಿಕೆಯೆಂದು ಕೊಟ್ಟಾಗ ಬರುವ ಅಲ್ಪ ಲಾಭವನ್ನು ರಕ್ತಸ್ರಾವದ ಅಪಾಯ ನುಂಗಿಹಾಕುತ್ತದೆಂದು 2018ರ ಮೂರು ದೊಡ್ಡ ಪ್ರಯೋಗಗಳು ಹೇಳಿದವು. ಅರವತ್ತು ದಾಟಿದರೆಂಬ ಒಂದೇ ಕಾರಣಕ್ಕೆ ‘ರಕ್ತ ತೆಳು ಮಾಡುವ ಮಾತ್ರೆ’ ಬರೆದ ಚೀಟಿಗಳು ಇಂದಿಗೂ ನನ್ನ ಮೇಜಿಗೆ ಬರುತ್ತವೆ.

ರಕ್ತನಾಳವೆಂದರೆ ಹೃದಯದ್ದು ಮಾತ್ರವಲ್ಲ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಇಳಿಯುವ ಬೀಡಿ ಸೇದುವವರಿಗೆ ನರದೌರ್ಬಲ್ಯವೆಂದು ವಿಟಮಿನ್ ಬರೆಯುವ ಬದಲು ಸಾಕ್ಸ್ ಬಿಚ್ಚಿಸಿ ಪಾದದ ಮೇಲಿನ ಮತ್ತು ಒಳಹರಡಿನ ಹಿಂದಿನ ನಾಡಿಯನ್ನು ಮುಟ್ಟಿ ನೋಡಬೇಕು.

ಹಣದ ಮಾತನ್ನು ಬಿಡುವಂತಿಲ್ಲ. ಔಷಧ ಕಂಪನಿಗಳು ಪ್ರಾಯೋಜಿಸುವ ಶಿಕ್ಷಣ ಕಾರ್ಯಕ್ರಮಗಳಿಂದ ವೈದ್ಯರು ದೂರವಿರಬೇಕೆಂಬ ನಿಯಮವನ್ನು 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದು, ಅದೇ ಆಗಸ್ಟ್‌ನಲ್ಲಿ ತಡೆಹಿಡಿಯಿತು. 2024ರ ಔಷಧ ಮಾರಾಟ ಸಂಹಿತೆ ಭಾಷಣಕಾರರ ಹೊರತು ಉಳಿದ ವೈದ್ಯರಿಗೆ ಪ್ರಯಾಣ, ವಸತಿ ಕೊಡುವುದನ್ನು ನಿಷೇಧಿಸಿದೆ. ಇಷ್ಟು ಸಾಲದು. ಆಮ್ಲೊಡಿಪಿನ್, ಕ್ಲೋರ್‌ಥಾಲಿಡೋನ್‌ನಂತಹ ಅಗ್ಗದ ಹಳೆಯ ಬಿ.ಪಿ. ಮಾತ್ರೆಗಳ ಬಗ್ಗೆ ಸಭೆ ಏರ್ಪಡಿಸಲು ಯಾವ ಕಂಪನಿಯೂ ಮುಂದೆ ಬರುವುದಿಲ್ಲ. ಆ ಸಭೆಯ ಖರ್ಚನ್ನು ಸರ್ಕಾರ ಮತ್ತು ಪರಿಷತ್ತು ಭರಿಸಬೇಕು.

ಬರೀ ಉಪನ್ಯಾಸ ಕೇಳಿದರೆ ವೈದ್ಯರ ನಡೆ ಬದಲಾಗುವುದಿಲ್ಲ, ಕೈಯಾರೆ ಮಾಡಿ ಕಲಿತರೆ ಬದಲಾಗಬಹುದು ಎಂದು ಟೊರೊಂಟೊದ ಡೇವ್ ಡೇವಿಸ್ ಮತ್ತು ಸಂಗಡಿಗರು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 1999ರಷ್ಟು ಹಿಂದೆಯೇ ಬರೆದಿದ್ದಾರೆ. ಆದ್ದರಿಂದ ನನ್ನ ಬೇಡಿಕೆ ಇಷ್ಟು: 30 ಗಂಟೆಗಳಲ್ಲಿ ಅರ್ಧವನ್ನಾದರೂ ವೈದ್ಯರ ಸ್ವಂತ ಆಸ್ಪತ್ರೆಯ ದಾಖಲೆಗಳ ಪರಿಶೀಲನೆಗೆ ಕೊಡಿ. ಕಳೆದ ಮೂರು ತಿಂಗಳಲ್ಲಿ ಎದೆನೋವೆಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಯಿತೇ, ಅದನ್ನು ಓದಿದ್ದು ಸರಿಯಿತ್ತೇ, ಚುಚ್ಚುಮದ್ದು ಎಷ್ಟು ಹೊತ್ತಿಗೆ ಕೊಟ್ಟರು, ರೆಫರ್ ಆದವರು ಮುಂದೆ ಏನಾದರು ಎಂಬುದನ್ನು ಜಿಲ್ಲೆಯ ಹೃದ್ರೋಗ ತಜ್ಞರು ತಾಲ್ಲೂಕು ಆಸ್ಪತ್ರೆಗೇ ಬಂದು, ನರ್ಸ್‌ಗಳನ್ನೂ ಇಸಿಜಿ ಟೆಕ್ನಿಷಿಯನ್ನರನ್ನೂ ಕೂರಿಸಿಕೊಂಡು, ಯಾರನ್ನೂ ಗದರದೆ ಚರ್ಚಿಸಲಿ. ಆ ಮಧ್ಯಾಹ್ನಕ್ಕೆ ಪರಿಷತ್ತು ಹೋಟೆಲ್ ಸಭೆಗಿಂತ ಹೆಚ್ಚು ಕ್ರೆಡಿಟ್ ಕೊಡಲಿ.