ನನ್ನ ಹವ್ಯಾಸ ಅವರಿಗೆ ದುರಾಸೆ

ಪುಣೆಗೆ ಬಂದ ಹೊಸದು. 2003ನೇ ಇಸವಿ. ಕೋಥ್ರೂಡಿನಲ್ಲಿ ಬಾಡಿಗೆಗೆ ಒಂದು ಕೋಣೆ ಕೇಳಲು ಹೋಗಿದ್ದೆ. ಮನೆ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಕಾಕಾ. ಊರು ಯಾವುದು, ಸಂಬಳ ಎಷ್ಟು, ಮೊಟ್ಟೆ ಬೇಯಿಸ್ತೀಯಾ, ರಾತ್ರಿ ಎಷ್ಟು ಗಂಟೆಗೆ ಬರ್ತೀಯಾ, ಎಲ್ಲ ಕೇಳಿ ಮುಗಿಸಿ ಕೊನೆಗೆ ‘ತುಮಚಾ ಛಂದ ಕಾಯ್?’ ಎಂದರು. ಛಂದಸ್ಸು ಅಂದರೆ ನನಗೆ ಗೊತ್ತಿದ್ದದ್ದು ಕಂದ, ಷಟ್ಪದಿ, ಲಘು-ಗುರು. ಬಾಡಿಗೆ ಮನೆಗೂ ಪ್ರಸ್ತಾರ ಹಾಕಬೇಕಾ ಎಂದು ಗಾಬರಿಯಾಯಿತು. ಜೊತೆಗೆ ಬಂದಿದ್ದ ಗದಗಿನ ಗೆಳೆಯ ಪಿಸುಗುಟ್ಟಿದ: ‘ಹವ್ಯಾಸ ಏನೈತಿ ಅಂತ ಕೇಳಾಕತ್ತಾರ.’ ಸದ್ಯ, ಇಷ್ಟೇನಾ! ಹವ್ಯಾಸ ಎಂಬ ಪದ ಮರಾಠಿಯಲ್ಲೂ ನಡೆದೀತು ಎಂದುಕೊಂಡು ಧೈರ್ಯವಾಗಿ ಹೇಳಿಬಿಟ್ಟೆ: ‘ಮಲಾ ವಾಚನಾಚಾ ಹವ್ಯಾಸ್ ಆಹೇ.’

ಕಾಕಾ ಕನ್ನಡಕ ತೆಗೆದು ನನ್ನನ್ನು ನೋಡಿದರು. ಒಳಗಿನಿಂದ ಕಾಕೂ ನಗುವುದು ಕೇಳಿಸಿತು. ಮರಾಠಿಯಲ್ಲಿ ಹವ್ಯಾಸ ಎಂದರೆ ಅತಿಯಾಸೆ, ಹಪಹಪಿ. ದುಡ್ಡಿನ ಹವ್ಯಾಸ, ಕುರ್ಚಿಯ ಹವ್ಯಾಸ ಎಂದು ಬೈಯುವುದಕ್ಕೆ ಬಳಸುವ ಮಾತು. ನಾವು ಹವ್ಯಾಸ ಅನ್ನುವುದು ಅವರಿಗೆ ಛಂದ. ಒಂದೇ ಪದ ಗಡಿ ದಾಟುವಾಗ ಹೀಗೆ ತಿರುಗಿಬಿದ್ದಿದೆ.

ಪದ ತಪ್ಪಿದ್ದು ದೊಡ್ಡ ವಿಷಯವಲ್ಲ. ಮುಂದಿನ ಪ್ರಶ್ನೆ ನನ್ನನ್ನು ಸಿಕ್ಕಿಹಾಕಿಸಿತು. ‘ಈಚೆಗೆ ಏನು ಓದಿದೆ?’ ನಾನು ಏನೂ ಓದಿರಲಿಲ್ಲ. ಬಯೋಡೇಟಾದ ಕೊನೆಯ ಸಾಲಿನಲ್ಲಿ ‘ಓದುವುದು, ಸಂಗೀತ ಕೇಳುವುದು’ ಎಂದು ಎಲ್ಲರೂ ಬರೆಯುತ್ತಿದ್ದರು, ನಾನೂ ಬರೆದಿದ್ದೆ, ಅಷ್ಟೇ. ಕೋಣೆ ಹೇಗೋ ಸಿಕ್ಕಿತು. ಆದರೆ ಕಾಕಾ ನನ್ನನ್ನು ಕರೆಯುವಾಗಲೆಲ್ಲ ‘ಏ ಹವ್ಯಾಸೀ’ ಎನ್ನುತ್ತಿದ್ದರು. ಎರಡು ವರ್ಷ ಅದೇ ಹೆಸರು.

ಅವರ ಛಂದ ಗಡಿಯಾರ ರಿಪೇರಿ. ಕೀಲಿ ಕೊಡುವ ಹಳೇ ಗೋಡೆ ಗಡಿಯಾರಗಳನ್ನು ಹಳೇ ಸಾಮಾನಿನ ಸಂತೆಯಿಂದ ತರುತ್ತಿದ್ದರು. ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಜೋಡಿಸುತ್ತಿದ್ದರು. ಮನೆಯಲ್ಲಿ ಹನ್ನೊಂದು ಗಡಿಯಾರ, ಹನ್ನೊಂದಕ್ಕೂ ಬೇರೆ ಬೇರೆ ಹೊತ್ತು. ಒಂಬತ್ತು ಗಂಟೆ ಹೊಡೆಯಲು ಶುರುವಾದರೆ ಒಂಬತ್ತೂ ಕಾಲಿನವರೆಗೆ ಹೊಡೆಯುತ್ತಲೇ ಇರುತ್ತಿದ್ದವು. ಮಾರುತ್ತಿರಲಿಲ್ಲ. ಯಾರಾದರೂ ‘ಇದರಿಂದ ಏನು ಸಿಗುತ್ತೆ ಕಾಕಾ?’ ಎಂದರೆ ಆ ಪ್ರಶ್ನೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಈ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿ ಇದ್ದು ನಾನು ಕಂಡ ದೊಡ್ಡ ವ್ಯತ್ಯಾಸ ಇದೇ. ‘ಇದರಿಂದ ಏನು ಉಪಯೋಗ?’ ಅನ್ನುವ ಪ್ರಶ್ನೆ ನಮ್ಮಲ್ಲಿ ಬೇಗ ಬರುತ್ತದೆ, ಇಲ್ಲಿ ತಡವಾಗಿ ಬರುತ್ತದೆ. ಮರಾಠಿಯಲ್ಲಿ ಹೌಸ್ ಎಂದೊಂದು ಪದವಿದೆ. ಆಸೆಯೂ ಹೌದು, ಉತ್ಸಾಹವೂ ಹೌದು. ನಾವು ಹವ್ಯಾಸಿ ನಾಟಕ ಅಂದರೆ ಅವರು ಹೌಶೀ ನಾಟಕ ಅನ್ನುತ್ತಾರೆ. ‘ಹೌಸೇಲಾ ಮೋಲ್ ನಾಹೀ’ ಅಂತ ಗಾದೆಯೇ ಇದೆ, ಹೌಸಿಗೆ ಬೆಲೆ ಕಟ್ಟಬೇಡಿ ಎಂದು. ಇಂಥದ್ದಕ್ಕೆ ನಮ್ಮೂರಲ್ಲಿ ಹೇಳುವ ಗಾದೆ ಯಾವುದು? ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.’ ಸ್ವಲ್ಪ ಜಾಸ್ತಿ ಹುಚ್ಚಾದರೆ ಗೀಳು ಅನ್ನುತ್ತೇವೆ. ಇನ್ನೂ ಜಾಸ್ತಿಯಾದರೆ ಚಟ.

ಬಾಜೀರಾವ್ ರಸ್ತೆಯ ಹತ್ತಿರ ರಾಜಾ ದಿನಕರ ಕೇಳಕರ್ ವಸ್ತುಸಂಗ್ರಹಾಲಯ ಇದೆ. ಊರಿಂದ ಯಾರೇ ಬರಲಿ, ಶನಿವಾರವಾಡಾಕ್ಕಿಂತ ಮೊದಲು ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ದಿನಕರ ಕೇಳಕರ್ ಹುಟ್ಟಿದ್ದು 1896ರಲ್ಲಿ. ಹೊಟ್ಟೆಪಾಡಿಗೆ ಕನ್ನಡಕದ ಅಂಗಡಿ. ಹಳ್ಳಿ ಹಳ್ಳಿ ಸುತ್ತಿ ಜನರ ಮನೆಯ ದಿನಬಳಕೆಯ ಸಾಮಾನು ಕೂಡಿಹಾಕಿದರು. ದೀಪ, ಬೀಗ, ಮಸಿಕುಡಿಕೆ, ಬಾಚಣಿಗೆ, ಬಾಗಿಲು, ಕಿಟಕಿ. ಅಡಕತ್ತರಿಗಳಂತೂ ನೋಡಿದಷ್ಟೂ ಮುಗಿಯುವುದಿಲ್ಲ. ಹೆಂಡತಿ ಕಮಲಾಬಾಯಿಯೂ ಈ ಕೆಲಸದಲ್ಲಿ ಜೊತೆಯಾಗಿದ್ದರು. ಒಬ್ಬನೇ ಮಗ ರಾಜಾ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ. ಸಂಗ್ರಹಾಲಯದ ಹೆಸರಿನಲ್ಲಿರುವ ರಾಜಾ ಆ ಹುಡುಗನೇ. ಕೂಡಿಹಾಕಿದ ಸಾವಿರಾರು ವಸ್ತುಗಳನ್ನು ಆಮೇಲೆ ಮಹಾರಾಷ್ಟ್ರ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಹವ್ಯಾಸ ದುಃಖವನ್ನು ವಾಸಿಮಾಡುತ್ತದೆ ಎಂದು ನಾನು ಹೇಳಲಾರೆ. ಆದರೆ ಅಲ್ಲಿ ಒಂದು ಪುಟ್ಟ ಎಣ್ಣೆದೀಪದ ಮುಂದೆ ನಿಂತಾಗ, ಇದನ್ನು ಹುಡುಕಿಕೊಂಡು ಹೊರಟ ದಿನವಾದರೂ ಆ ಮನುಷ್ಯ ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿರಬೇಕು ಅನ್ನಿಸುತ್ತದೆ.

ನಮ್ಮಲ್ಲಿ ಇಂಥವರು ಇಲ್ಲ ಅಂತಲ್ಲ. ಮಣಿಪಾಲದ ವಿಜಯನಾಥ ಶೆಣೈ ಬ್ಯಾಂಕ್ ನೌಕರಿಯಲ್ಲಿದ್ದುಕೊಂಡೇ ಹಳೇ ಮನೆಗಳನ್ನು ಉಳಿಸುವ ಹುಚ್ಚು ಹಿಡಿಸಿಕೊಂಡವರು. ಆದರೆ ಅಂಥವರನ್ನು ನಾವು ಮೆಚ್ಚುವುದು ಕೆಲಸ ಮುಗಿದ ಮೇಲೆ.

ನನ್ನ ಕಥೆಗೆ ಬರುತ್ತೇನೆ. 2014ರಲ್ಲಿ ಆಫೀಸಿನ ಹುಡುಗನೊಬ್ಬ ಢೋಲ್-ತಾಶಾ ಪಥಕಕ್ಕೆ, ಅಂದರೆ ಮೆರವಣಿಗೆಯಲ್ಲಿ ವಾದ್ಯ ಬಾರಿಸುವ ತಂಡಕ್ಕೆ, ಎಳೆದುಕೊಂಡು ಹೋದ. ಗಣೇಶೋತ್ಸವಕ್ಕೆ ಒಂದೂವರೆ ಎರಡು ತಿಂಗಳು ಮೊದಲೇ ಮುಠಾ ನದಿಯ ದಂಡೆಯಲ್ಲಿ ಸರಾವ್, ಅಂದರೆ ತಾಲೀಮು, ಶುರುವಾಗುತ್ತದೆ. ಸಂಜೆ ಏಳು ಅಂದರೆ ಏಳು. ಏಳೂ ಹತ್ತಕ್ಕೆ ಹೋದರೆ ಆ ದಿನ ಢೋಲ್ ಮುಟ್ಟುವ ಹಾಗಿಲ್ಲ. ಸೊಂಟಕ್ಕೆ ಢೋಲ್ ಕಟ್ಟಿ, ಬಲಗೈಯಲ್ಲಿ ಟಿಪರೂ ಎನ್ನುವ ಕೋಲು ಹಿಡಿದು ಹೊಡೆಯಬೇಕು, ಎಡಗೈ ಬರಿಗೈ. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ, ಎರಡನೇ ವಾರ ಬೊಬ್ಬೆ ಒಡೆದು ಉರಿ, ಮೂರನೇ ವಾರ ಸೊಂಟ. ಯಾರಿಗೂ ಕೂಲಿ ಇಲ್ಲ. ಗಣೇಶ ಮಂಡಳಿಗಳು ಬಾರಿಸುವುದಕ್ಕೆಂದು ಕೊಡುವ ದುಡ್ಡು, ಇಲ್ಲಿನ ಮಾತಿನಲ್ಲಿ ಸುಪಾರಿ, ಪಥಕದ ಖರ್ಚಿಗೆ. ನಮ್ಮ ಕುರ್ತಾ, ಫೇಟಾ ನಮ್ಮದೇ ದುಡ್ಡಿನಲ್ಲಿ.

ನಮ್ಮ ಸಾಲಿಗೆ ಕಲಿಸುತ್ತಿದ್ದವಳು ಕಾಲೇಜು ಓದುವ ಹುಡುಗಿ. ಇಪ್ಪತ್ತೆರಡು ದಾಟಿರಲಿಕ್ಕಿಲ್ಲ. ನನ್ನ ಪಕ್ಕ ನಿಲ್ಲುತ್ತಿದ್ದವರು ಹಲ್ಲಿನ ಡಾಕ್ಟರು. ಅವರ ಪಕ್ಕ ತರಕಾರಿ ಗಾಡಿಯವರ ಮಗ, ಅವನ ಕೈ ನಮ್ಮೆಲ್ಲರಿಗಿಂತ ಚೆನ್ನಾಗಿ ಬೀಳುತ್ತಿತ್ತು. ನಾನು ಮಾತ್ರ ಪ್ರತಿ ಸಲ ಅರ್ಧ ಏಟು ಮುಂಚೆ. ‘ದಾದಾ, ಕೈ ಆಮೇಲೆ, ಮೊದಲು ಕಿವಿ’ ಎಂದು ಆ ಹುಡುಗಿ ಎಲ್ಲರ ಮುಂದೆ ಹೇಳುತ್ತಿದ್ದಳು. ಮೂವತ್ತೈದು ವರ್ಷದ ಗಂಡಸಿಗೆ ಅವಮಾನ ಆಗಬೇಕಿತ್ತು. ಆಗಲಿಲ್ಲ. ಒಂದು ವಯಸ್ಸಾದ ಮೇಲೆ ನಾವು ಗೊತ್ತಿರುವ ಕೆಲಸವನ್ನಷ್ಟೇ ಮಾಡುತ್ತಾ ಹೋಗುತ್ತೇವೆ. ಆಫೀಸಿನಲ್ಲಿ ಗೊತ್ತಿಲ್ಲ ಅನ್ನುವ ಹಾಗಿಲ್ಲ, ಮನೆಯಲ್ಲಿ ಗೊತ್ತಿಲ್ಲ ಅಂದರೆ ಮಕ್ಕಳು ನಗುತ್ತಾರೆ. ಬರುವುದಿಲ್ಲ ಎಂದು ಒಪ್ಪಿಕೊಂಡು ಹಿಂದಿನ ಸಾಲಿನಲ್ಲಿ ನಿಲ್ಲುವುದಕ್ಕೆ ಒಂದು ಜಾಗ ಬೇಕು. ನನಗೆ ನದೀದಂಡೆಯಲ್ಲಿ ಸಿಕ್ಕಿತು. ಆ ವರ್ಷ ಹೊಸಬರಿಗೆ ಕೆಲಸ ಕಲಿಸುವಾಗ ನನ್ನ ಸಿಡುಕು ಕಡಿಮೆಯಾಯಿತು ಎಂದು ಆಫೀಸಿನವರೇ ಹೇಳಿದರು.

(ಸದ್ದಿನ ವಿಷಯ ಮುಚ್ಚಿಡುವುದಿಲ್ಲ. ದಂಡೆಯ ಆಚೆ ಮನೆಗಳಲ್ಲಿ ಹಸುಗೂಸುಗಳಿವೆ, ಮುದುಕರಿದ್ದಾರೆ. ನಮ್ಮ ಹೌಸು ಅವರ ತಲೆನೋವು. ಲಕ್ಷ್ಮೀ ರಸ್ತೆಯ ವಿಸರ್ಜನೆ ಮೆರವಣಿಗೆ ಇಪ್ಪತ್ನಾಲ್ಕು ಗಂಟೆ ದಾಟಿದಾಗ ನನಗೂ ಕಿವಿಗೆ ಹತ್ತಿ ಬೇಕಾಗುತ್ತದೆ.)

ಎಲ್ಲದಕ್ಕೂ ಏನಾದರೂ ಬಡಿಯಲೇಬೇಕು ಅಂತಿಲ್ಲ. ಭಾನುವಾರ ಬೆಳಿಗ್ಗೆ ಸಿಂಹಗಡ ಹತ್ತಿ ಪಿಠಲೆ-ಭಾಕ್ರಿ ತಿಂದು ಇಳಿಯುವವರು ಇದ್ದಾರೆ, ವರ್ಷಗಟ್ಟಲೆ ಒಂದು ವಾರವೂ ತಪ್ಪಿಸದವರು. ಗದಗಿನ ನನ್ನ ಗೆಳೆಯನಂತೂ ಬರೀ ಕೇಳುಗ. ಡಿಸೆಂಬರ್ ಬಂದರೆ ರಜೆ ಹಾಕಿ ಸವಾಯಿ ಗಂಧರ್ವ ಉತ್ಸವಕ್ಕೆ ಹೋಗಿ ಕೂರುತ್ತಾನೆ. ಭೀಮಸೇನ ಜೋಶಿಯವರು ಗುರುವಿನ ನೆನಪಿಗೆ 1953ರಲ್ಲಿ ಶುರುಮಾಡಿದ ಉತ್ಸವ. ಗುರು ಕುಂದಗೋಳದವರು, ಶಿಷ್ಯ ರೋಣದವರು. ‘ಇಬ್ಬರೂ ನಮ್ಮ ಕಡೆಯವರು, ಪುಣೇದವರು ಬರೇ ಚಾಪಿ ಹಾಸ್ಯಾರ’ ಎಂದು ಪ್ರತಿ ವರ್ಷ ಹೇಳದಿದ್ದರೆ ಅವನಿಗೆ ಸಮಾಧಾನವಿಲ್ಲ. ನೀನೂ ಹಾಡು ಕಲಿಯಬಹುದಲ್ಲ ಎಂದರೆ ‘ನಾ ಹಾಡಾವಲ್ಲಪಾ, ಕೇಳಾವ’ ಅನ್ನುತ್ತಾನೆ. ತಾನ್‌ಸೇನ್ ಆಗದಿದ್ದರೆ ಕಾನ್‌ಸೇನ್ ಆಗು ಎಂದು ಇಲ್ಲಿ ಹೇಳುವುದುಂಟು. ಕಿವಿಗೂ ಇಲ್ಲಿ ಮರ್ಯಾದೆ ಇದೆ.

ಹಾಗಂತ ಮಹಾರಾಷ್ಟ್ರದವರೇನೂ ಸಾಧುಗಳಲ್ಲ. ಇಲ್ಲಿ ಶಾಲಾ ಮಕ್ಕಳಿಗೆ ಸರ್ಕಾರದ ಚಿತ್ರಕಲಾ ಪರೀಕ್ಷೆಗಳಿವೆ, ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎಂದು. ಪಾಸಾದರೆ ಹತ್ತನೇ ಕ್ಲಾಸಿನಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ. ನನ್ನ ಮಗಳು ನಡೆಯಲು ಕಲಿತಾಗಿನಿಂದ ಗೋಡೆ, ನೆಲ, ಹಾಲಿನ ಲೆಕ್ಕದ ಪುಸ್ತಕ, ಎಲ್ಲದರ ಮೇಲೂ ಬರೆಯುತ್ತಿದ್ದಳು. ಅಂಕದ ಆಸೆಗೆ ನಾನೇ ಕ್ಲಾಸಿಗೆ ಹಾಕಿದೆ. ಎ ಗ್ರೇಡ್ ಬಂತು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿದೆ. ಬಣ್ಣದ ಡಬ್ಬಿ ಅಟ್ಟಕ್ಕೆ ಹೋಯಿತು, ಇನ್ನೂ ಇಳಿದಿಲ್ಲ. 1973ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞರು ಪುಟ್ಟ ಮಕ್ಕಳ ಮೇಲೆ ನಡೆಸಿದ ಪ್ರಯೋಗದ ಬಗ್ಗೆ ಓದಿದ್ದು ಆಮೇಲೆ. ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮಕ್ಕಳನ್ನು ಆರಿಸಿ, ಕೆಲವರಿಗೆ ‘ಬರೆದರೆ ಚಿನ್ನದ ನಕ್ಷತ್ರ ಅಂಟಿಸಿದ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಒಂದೆರಡು ವಾರ ಬಿಟ್ಟು ನೋಡಿದರೆ, ಬಹುಮಾನಕ್ಕೆಂದು ಬರೆದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುವುದರಲ್ಲಿ ಕಳೆಯುತ್ತಿದ್ದರು. ಓದಿದಾಗ ಚೌಕಟ್ಟಿನ ಕಡೆ ನೋಡಲಾಗಲಿಲ್ಲ. ಪುಣೆಯ ಕನ್ನಡಿಗರ ಮನೆಗಳಲ್ಲಿ ಭರತನಾಟ್ಯ, ಸಂಗೀತದ ಕಥೆಯೂ ಇದೇ. ಜೂನಿಯರ್ ಆಯಿತಾ, ಸೀನಿಯರ್ ಆಯಿತಾ, ಹತ್ತನೇ ಕ್ಲಾಸ್ ಬಂತು, ಬಿಡಿಸಿದೆವು.

ಇನ್ನೊಂದು ಮಾತು. ಗಂಡಸರ ಹವ್ಯಾಸಕ್ಕೆ ಹೊತ್ತು ಬರುವುದು ಹೆಂಗಸರ ದಿನದಿಂದ. ನಾನು ನದೀದಂಡೆಯಲ್ಲಿ ಢೋಲ್ ಬಾರಿಸುತ್ತಿದ್ದಾಗ ಮಗಳ ಹೋಂವರ್ಕ್ ಮಾಡಿಸುತ್ತಿದ್ದವಳು ನನ್ನ ಹೆಂಡತಿ. ‘ನಿನ್ನ ಹವ್ಯಾಸ ಏನು?’ ಎಂದು ನಾನು ಕೇಳಿದ್ದು ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ. ‘ಸುಮ್ನೆ ಕೂತ್ಕೊಳೋದು’ ಎಂದಳು. ತಮಾಷೆಗೆ ಹೇಳಿದ್ದಲ್ಲ. ಈಗ ಓಣಿಯ ಹೆಂಗಸರ ಜೊತೆ ಬೆಳಿಗ್ಗೆ ವೇತಾಳ ಟೇಕಡಿ ಹತ್ತುತ್ತಾಳೆ. ಆ ಹೊತ್ತಿಗೆ ಅಡುಗೆಮನೆ ನನ್ನದು, ಉಪ್ಪಿಟ್ಟು ಮುದ್ದೆಯಾದರೂ ಯಾರೂ ಮಾತಾಡುವ ಹಾಗಿಲ್ಲ.

ಇಷ್ಟೆಲ್ಲ ಹೊಗಳಿ-ತೆಗಳಿ ಬರೆಯುವಾಗ ಒಂದು ನೆನಪು ಚುಚ್ಚುತ್ತಲೇ ಇದೆ. ಹೌಸು ಅಂದರೇನು ಎಂದು ಕಲಿಯಲು ನಾನು ಪುಣೆಗೆ ಬರಬೇಕಿತ್ತಾ?

ನಮ್ಮದು ನಾಗಮಂಗಲದ ಕಡೆಯ ಹಳ್ಳಿ. ಸುಗ್ಗಿ ಮುಗಿದರೆ ಕುರುಕ್ಷೇತ್ರ ನಾಟಕ. ಆ ಕಡೆಯವರಿಗೆ ಗೊತ್ತು, ಅಲ್ಲಿ ಪಾರ್ಟು ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ಜಾಸ್ತಿ, ಕೃಷ್ಣನಿಗೂ ಜಾಸ್ತಿ, ಸಣ್ಣ ಪಾರ್ಟಿಗೆ ಕಡಿಮೆ. ಆ ದುಡ್ಡಿನಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಹೆಣ್ಣು ಪಾರ್ಟಿಗೆ ಹೊರಗಿಂದ ಬರುವ ಕಲಾವಿದೆಯರ ಸಂಭಾವನೆ. ಅಪ್ಪನಿಗೆ ದುರ್ಯೋಧನ ಆಗುವ ಆಸೆ. ಕೈಗೆ ಎಟುಕಿದ್ದು ಶಕುನಿ. ಅದಕ್ಕೂ ಒಂದು ವರ್ಷ ನಾಲ್ಕು ಮೂಟೆ ರಾಗಿ ಹೋಯಿತು. ಅಮ್ಮ ಜುಟ್ಟಿನ ಮಲ್ಲಿಗೆಯ ಗಾದೆ ಹೇಳಿದ್ದು ಆಗಲೇ. ಅವಳ ಕಡೆಯಿಂದ ನೋಡಿದರೆ ತಪ್ಪೇನಿಲ್ಲ, ರಾಗಿ ಅವಳೂ ಕಳೆ ಕಿತ್ತು ಬೆಳೆದದ್ದು.

ಮೂರು ತಿಂಗಳು ರಾತ್ರಿ ಚಾವಡಿಯಲ್ಲಿ ಪ್ರಾಕ್ಟೀಸು. ಅಪ್ಪ ಆರು ಕಟ್ಟಿ ಉಳುವಾಗ ಎತ್ತುಗಳಿಗೆ ದಾಳ ಉರುಳಿಸುವ ಹಾಡು ಕೇಳಿಸುತ್ತಿದ್ದ. ನಮ್ಮ ಚಿಕ್ಕಪ್ಪನಿಗೂ ಅವನಿಗೂ ಹೊಲದ ಬದುವಿನ ವಿಷಯಕ್ಕೆ ಮಾತಿರಲಿಲ್ಲ, ಕೇಸು ಕೋರ್ಟಿನಲ್ಲಿತ್ತು. ಚಿಕ್ಕಪ್ಪ ಧರ್ಮರಾಯ. ಚಾವಡಿಯೊಳಗೆ ಇಬ್ಬರೂ ಎದುರುಬದುರು ಕೂತು ಪಗಡೆ ಆಡಲೇಬೇಕು, ಒಬ್ಬ ಮರೆತ ಮಾತನ್ನು ಇನ್ನೊಬ್ಬ ಎತ್ತಿಕೊಡಲೇಬೇಕು. ದಾಯಾದಿಗಳು ದಾಯಾದಿಗಳ ನಾಟಕ ಆಡುತ್ತಿದ್ದರು. ಹೊರಗೆ ಬಂದರೆ ಮತ್ತೆ ಮಾತಿಲ್ಲ. ಆದರೆ ಆ ಮೂರು ತಿಂಗಳು ಅಪ್ಪ ಮನೆಯಲ್ಲಿ ಯಾರ ಮೇಲೂ ಕೈ ಎತ್ತಲಿಲ್ಲ, ಹೆಂಡದಂಗಡಿಯ ಕಡೆ ತಲೆ ಹಾಕಲಿಲ್ಲ. ಗಂಟಲು ಕೆಡುತ್ತದೆ ಅನ್ನುವುದು ಅವನ ಕಾರಣ.

2023ರಲ್ಲಿ ಹದಿನಾರು ದೇಶಗಳ 65 ದಾಟಿದ ಸುಮಾರು 93,000 ಜನರ ಮಾಹಿತಿ ಸೇರಿಸಿ ನೋಡಿದ ಒಂದು ಅಧ್ಯಯನ ಬಂತು. ಹವ್ಯಾಸ ಇರುವವರಲ್ಲಿ ಖಿನ್ನತೆಯ ಲಕ್ಷಣ ಕಡಿಮೆ, ಬದುಕಿನ ಬಗ್ಗೆ ತೃಪ್ತಿ ಜಾಸ್ತಿ ಎಂದು ಕಂಡಿತಂತೆ. ಆರೋಗ್ಯ ಚೆನ್ನಾಗಿರುವುದರಿಂದಲೇ ಹವ್ಯಾಸ ನಡೆಯುತ್ತದೋ, ಹವ್ಯಾಸದಿಂದ ಆರೋಗ್ಯವೋ, ಲೆಕ್ಕದಲ್ಲಿ ಪೂರ್ತಿ ಬಿಡಿಸುವುದು ಕಷ್ಟ. ನನಗೆ ಆ ಮೂರು ತಿಂಗಳ ಲೆಕ್ಕ ಸಾಕು.

ಅಪ್ಪನಿಗೆ ಈಗ ಎಪ್ಪತ್ತಾರು. ಮೊಣಕಾಲು ಹೋಗಿದೆ, ಶಕುನಿಯ ಹಾಡು ಹೋಗಿಲ್ಲ. ನಾನು ಢೋಲ್ ಬಾರಿಸುವುದನ್ನು ಅವನಿಗೆ ಎಷ್ಟೋ ವರ್ಷ ಹೇಳಿರಲಿಲ್ಲ. ಇಂಜಿನಿಯರ್ ಮಗ ಬೀದಿಯಲ್ಲಿ ತಮಟೆ ಹೊಡೆಯುತ್ತಾನೆ ಅಂದುಕೊಂಡಾನು ಎಂಬ ಸಂಕೋಚ. ಹೋದ ಗಣೇಶನ ಹಬ್ಬದಲ್ಲಿ ಮಗಳು ವೀಡಿಯೋ ಕಳಿಸಿಬಿಟ್ಟಳು. ರಾತ್ರಿ ಫೋನ್ ಬಂತು.

‘ನೋಡ್ದೆ ಕಣ್ಲಾ. ಅರ್ಧ ಏಟು ಮುಂದೆ ಬೀಳ್ತಾ ಐತೆ.’

‘ಹೌದಪ್ಪ.’

‘ಕಾಸು ಕೊಡ್ತಾರೇನ್ಲಾ?’

‘ಇಲ್ಲಪ್ಪ, ಬಟ್ಟೆಗೆ ನಾವೇ ಹಾಕ್ಬೇಕು.’

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಬೈಗುಳಕ್ಕೆ ತಯಾರಾಗಿ ಕೂತೆ.

‘ಎಷ್ಟಾತು ಪಾರ್ಟಿಗೆ?’ ಎಂದ.