ಇರುವ ಫೈಲು ಇಲ್ಲವಂತೆ

ನಮ್ಮ ಪ್ರಾಜೆಕ್ಟಿನ ಬಿಲ್ಡ್, ಅಂದರೆ ಬರೆದ ಕೋಡನ್ನೆಲ್ಲ ಸೇರಿಸಿ ಓಡುವ ಪ್ರೋಗ್ರಾಮ್ ಮಾಡುವ ಕೆಲಸ, ಬೆಂಗಳೂರಿನಲ್ಲಿ ಎಲ್ಲರಿಗೂ ಆಗುತ್ತದೆ. ಶಿರಸಿಯಲ್ಲಿ ಕೂತ ನನಗೆ ಮಾತ್ರ ಅದಕ್ಕೆ ಮನಸ್ಸು ಬಂದರೆ ಆಗುತ್ತದೆ. ಕೆಟ್ಟಾಗ ಒಂದೇ ದೂರು: ‘ವರ್ಷನ್.ಎಚ್’ ಅನ್ನುವ ಫೈಲ್ ಇಲ್ಲ. ಫೋಲ್ಡರ್ ತೆಗೆದು ನೋಡಿದರೆ ಮಹಾಶಯ ಅಲ್ಲೇ ಕೂತಿರುತ್ತಾನೆ. ಇನ್ನೊಮ್ಮೆ ಬಿಲ್ಡ್ ಕೊಟ್ಟರೆ ಪಾಸ್! ಮಾರಿಕಾಂಬೆ ಜಾತ್ರೆಗಾದರೂ ಎರಡು ವರ್ಷಕ್ಕೊಮ್ಮೆ ಅಂತ ಲೆಕ್ಕ ಇದೆ. ಇದಕ್ಕೆ ಅದೂ ಇಲ್ಲ.

ಕಂಪೈಲರ್ ತೆಗೆದು ಮತ್ತೆ ಹಾಕಿದೆ. ಆಂಟಿವೈರಸ್ ಮೇಲೆ ಅನುಮಾನಪಟ್ಟೆ. ಬಿಲ್ಡಿನೊಳಗಿನ ಕೆಲಸಗಳನ್ನು ಒಂದಾದ ಮೇಲೊಂದು ಓಡಿಸಿದರೆ ಬಗ್ ನಾಪತ್ತೆ. ಎಂಟೆಂಟು ಒಟ್ಟಿಗೆ ಬಿಟ್ಟರೆ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಹಾಜರ್. ನನ್ನ ಮುಖ ನೋಡಲಾರದೆ ಆಯಿ ಇಡಗುಂಜಿ ಗಣಪತಿಗೆ ಪಂಚಕಜ್ಜಾಯ ಹೇಳಿಕೊಂಡಳು.

ಒಂದು ಮಧ್ಯಾಹ್ನ ಕಷಾಯದ ಲೋಟ ಇಡುತ್ತಾ ಅವಳೇ ಹೇಳಿದಳು: “ತಮಾ, ಕರೆಂಟ್ ಹೋದಾಗ ಮಾತ್ರ ನೀ ಬೈತೆ ನೋಡು.”

ಹೌದಲ್ವಾ! ಆಷಾಢದ ಮಳೆ, ಎಲ್ಲೋ ಮರ ಬಿದ್ದಿರುತ್ತದೆ. ನಮ್ಮನೆ ಇನ್ವರ್ಟರ್ ಲೈನು ಇರುವುದು ಲೈಟು, ಫ್ಯಾನು, ವೈಫೈಗೆ ಮಾತ್ರ. ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ನಡೆಯುತ್ತದೆ. ಚಾರ್ಜರ್ ಕಿತ್ತು, ಹಳೆಯದನ್ನೆಲ್ಲ ಅಳಿಸಿ ಬಿಲ್ಡ್ ಕೊಟ್ಟೆ. ಢಮಾರ್.

ಬಿಲ್ಡ್ ನಡೆಸುವ ‘ಮೇಕ್’ 1976ರಲ್ಲಿ ಬೆಲ್ ಲ್ಯಾಬ್ಸಿನಲ್ಲಿ ಹುಟ್ಟಿದ ಮುದುಕ. ಯಾವುದಕ್ಕೆ ಮೊದಲು ಯಾವುದು ಬೇಕು ಅಂತ ಬರೆದುಕೊಟ್ಟರೆ ಮಾತ್ರ ಕಾಯುತ್ತದೆ. ‘ವರ್ಷನ್.ಎಚ್’ ಬಿಲ್ಡ್ ನಡೆಯುವಾಗಲೇ ತಯಾರಾಗುವ ಫೈಲು, ಆದರೆ ಅದಕ್ಕೆ ಕಾಯಬೇಕು ಅಂತ ಯಾರೂ ಬರೆದಿರಲಿಲ್ಲ. ಬರೆಯಬೇಕಾದವರು ಕೆಲಸ ಬಿಟ್ಟು ಯಾವ ಕಾಲವಾಯಿತೋ. ಬ್ಯಾಟರಿ ಮೇಲೆ ಪ್ರೊಸೆಸರ್ ನಿಧಾನವಾಗಿ, ಕೆಲಸಗಳು ಹಿಂದುಮುಂದಾಗಿ, ಫೈಲ್ ಹುಟ್ಟುವ ಮೊದಲೇ ಅದನ್ನು ಕೇಳುವವನು ಬಂದು ನಿಲ್ಲುತ್ತಿದ್ದ. ನಾನು ಫೋಲ್ಡರ್ ತೆಗೆಯುವಷ್ಟರಲ್ಲಿ ಅದು ಹುಟ್ಟಿಯಾಗಿರುತ್ತಿತ್ತು. ಎರಡನೇ ಸಲ ಪಾಸಾಗದೆ ಇನ್ನೇನು?

ಮ್ಯಾನೇಜರಿಗೆ ಫೋನ್ ಮಾಡಿ ಇಷ್ಟನ್ನೂ ಬಿಡಿಸಿ ಹೇಳಿದೆ. ಸಮಾಧಾನದಿಂದ ಕೇಳಿ, “ಹಾಗಾದ್ರೆ ನೀವು ಚಾರ್ಜರ್ ಹಾಕ್ಕೊಂಡೇ ಇರಿ, ಈ ದೂರಿನ ಟಿಕೆಟ್ ಕ್ಲೋಸ್ ಮಾಡೋಣ” ಅಂದರು.

ಆ ಫೈಲಿಗೆ ಕಾಯಬೇಕು ಅಂತ ನಾನು ಒಂದು ಸಾಲು ಸೇರಿಸಿದೆ, ಟಿಕೆಟ್ ನಿಜವಾಗಿಯೇ ಕ್ಲೋಸ್ ಆಯಿತು. ಇಡಗುಂಜಿಯದ್ದು ಇನ್ನೂ ಓಪನ್ ಇದೆ. ಭಾನುವಾರ ಕಾರು ತೆಗಿ ಅಂತ ಆಯಿಯ ಆರ್ಡರ್.